ಹಲಸು ಮುಗಿದ ಮೇಲೆ ಇಂಜೆಕ್ಷನ್

ಬೆಳ್ಳಾರೆಯ ಹೆಂಗಸರ ಎಡತೋಳಿನ ಬಗ್ಗೆ ನನಗೆ ಗೊತ್ತಿರುವಷ್ಟು ಅವರವರ ಗಂಡಂದಿರಿಗೂ ಗೊತ್ತಿರಲಿಕ್ಕಿಲ್ಲ. ಮೂವತ್ತೆರಡು ವರ್ಷದಿಂದ ಪೇಟೆಯಲ್ಲಿ ರವಿಕೆ ಹೊಲಿಯುತ್ತಾ ಬಂದವಳು ನಾನು. ತೋಳಿನ ಉದ್ದ ಎಷ್ಟಿಡಲಿ ಎಂದು ಕೇಳಿದರೆ ನನ್ನ ಪ್ರಾಯದ ಯಾವ ಹೆಂಗಸೂ ಐದಿಂಚು, ಆರಿಂಚು ಎಂದು ಹೇಳುದಿಲ್ಲ. "ಆ ಕಲೆ ಮುಚ್ಚುವಷ್ಟು ಇಡಿ ದಮಯಂತಕ್ಕ" ಎನ್ನುತ್ತಾರೆ. ಕಲೆ ಎಂದರೆ ಸಣ್ಣದಿರುವಾಗ ಚುಚ್ಚಿದ ಲಸಿಕೆಯ ಕಲೆ. ನನ್ನ ಅಂಗಡಿಯಲ್ಲಿ ಅದೂ ಒಂದು ಅಳತೆ. ಅಳತೆ ಪುಸ್ತಕದಲ್ಲಿ ಎದೆ, ಸೊಂಟ, ಕುತ್ತಿಗೆ ಬರೆದ ಮೇಲೆ ಕೊನೆಗೆ 'ಕ.ಮು.' ಎಂದು ಬರೆದುಕೊಳ್ಳುತ್ತೇನೆ. ಕಲೆ ಮುಚ್ಚುವಷ್ಟು.

ಮೊನ್ನೆ ಒಬ್ಬರು ಟೀಚರು ಬಂದಿದ್ದರು. ಇನ್ನೇನು ರಿಟೈರ್ ಆಗುವ ಪ್ರಾಯ. ಟೇಪನ್ನು ತೋಳಿಗೆ ಸುತ್ತಿದವಳು ಆ ಕಲೆಯ ಮೇಲೆ ಬೆರಳಿಟ್ಟು ಕೇಳಿದೆ, "ಟೀಚರೇ, ಇದು, ಕೊರೋನಾದ್ದು ಬಿಟ್ಟರೆ ನಿಮ್ಮ ಮೈಗೆ ಮತ್ತೆ ಯಾವ ಲಸಿಕೆ ಬಿದ್ದದ್ದು?"

"ಮತ್ತೆ ಎಂತಕ್ಕೆ? ನಾವೆಂತ ಮಕ್ಕಳಾ?" ಎಂದರು ಟೀಚರು. ಮಕ್ಕಳಿಗೆ ಪಾಠ ಹೇಳುವವರೇ ಹಾಗೆ ಹೇಳಿದ ಮೇಲೆ ಉಳಿದವರದ್ದು ಕೇಳುವುದೇ ಬೇಡ.

ನಮ್ಮ ಕಡೆ ಲಸಿಕೆ ಎಂದರೆ ಮೂರು ಜಾತಿಯ ಜೀವಗಳಿಗೆ ಇರುವಂಥದ್ದು: ಮಕ್ಕಳು, ದನಗಳು, ನಾಯಿಗಳು. ಐವರ್ನಾಡಿನ ನಮ್ಮ ಮನೆಯ ನಾಯಿ ಟೈಗರನಿಗೆ ಅವನದ್ದೇ ಒಂದು ಪುಸ್ತಕ ಉಂಟು. ಅದರಲ್ಲಿ ಅವನ ಹೆಸರು, ಬಣ್ಣ, ಪ್ರತಿವರ್ಷದ ಇಂಜೆಕ್ಷನಿನ ಚೀಟಿ, ಡಾಕ್ಟರ ಸಹಿ ಎಲ್ಲ ಅಂಟಿಸಿ ಇಟ್ಟಿದೆ. ದನಗಳ ಕಿವಿಯಲ್ಲಿ ನಂಬರು, ಕಾಲುಬಾಯಿ ಜ್ವರದ ಲಸಿಕೆಗೆ ಸರಕಾರದವರೇ ಮನೆಗೆ ಬರುತ್ತಾರೆ. ಬರುವುದು ಒಂದು ದಿನ ತಡವಾದರೆ ನನ್ನ ಗಂಡ ಫೋನು ಮಾಡಿ ಅವರ ತಲೆ ತಿನ್ನುತ್ತಾರೆ. "ನಮ್ಮ ಕೆಂಪಿಗೆ ಇನ್ನೂ ಹಾಕಲಿಲ್ಲ ಮಾರಾಯ್ರೆ, ಅದಕ್ಕೆ ಎಂತಾದರೂ ಆದರೆ?" ಕೆಂಪಿಯ ಯಜಮಾನನಿಗೆ ಎಂತಾದರೂ ಆದರೆ ಎಂಬ ಪ್ರಶ್ನೆ ಅರುವತ್ತೆರಡು ವರ್ಷದಲ್ಲಿ ಅವರಿಗೆ ಒಮ್ಮೆಯೂ ಬಂದದ್ದಿಲ್ಲ.

ಹಾಗೆಂದು ದೊಡ್ಡವರು ಇಂಜೆಕ್ಷನ್ನೇ ತಕೊಳ್ಳುದಿಲ್ಲ ಎಂದರೆ ತಪ್ಪಾಗುತ್ತದೆ. ತುಕ್ಕು ಹಿಡಿದ ಮೊಳೆ ಎಂಬುದೊಂದು ಉಂಟಲ್ಲ. ನಮ್ಮಲ್ಲಿ ಯಾರಿಗಾದರೂ ಗಾಯವಾದರೆ ಎಷ್ಟು ಆಳ, ಎಷ್ಟು ರಕ್ತ ಎಂದು ಯಾರೂ ಕೇಳುದಿಲ್ಲ. "ಟಿಟಿ ಹಾಕಿಸಿದ್ದಾ?" ಎಂದು ಕೇಳುತ್ತಾರೆ. ಕಾಣಿಯೂರಿನಲ್ಲಿ ನನ್ನ ಗಂಡನ ಅಕ್ಕನ ಗಂಡ ಮೋನಪ್ಪ ಬಾವ ಅಂತ ಇದ್ದಾರೆ. ಬೇಲಿಯ ತಂತಿ ಗೀರಿದರೂ ಟಿಟಿ, ನಾಚಿಕೆಮುಳ್ಳು ತಾಗಿದರೂ ಟಿಟಿ. ಒಮ್ಮೆ ಡಾಕ್ಟರು, "ನಿಮಗೆ ಹೋದ ವರ್ಷವೇ ಕೊಟ್ಟದ್ದಲ್ವಾ, ಈಗ ಬೇಡ, ಹತ್ತು ವರ್ಷಕ್ಕೊಮ್ಮೆ ತಕೊಂಡರೂ ಆಗ್ತದೆ" ಎಂದರಂತೆ. ಬಾವನಿಗೆ ಅವಮಾನವಾಯಿತು. ಅಲ್ಲಿಂದ ಎದ್ದವರು ಸೀದಾ ಬಸ್ಸು ಹತ್ತಿ ಬೇರೆ ಡಾಕ್ಟರ ಹತ್ತಿರ ಹೋಗಿ ಚುಚ್ಚಿಸಿಕೊಂಡೇ ಬಂದರು. ಅದೇ ಬಾವನಿಗೆ, "ಉಬ್ಬಸದವರು ನೀವು, ಮಳೆಗಾಲದ ಮೊದಲು ಫ್ಲೂ ಲಸಿಕೆ ಹಾಕಿಸಿಕೊಳ್ಳಿ" ಎಂದು ಅವರ ಸೊಸೆ ನಾಲ್ಕು ವರ್ಷದಿಂದ ಹೇಳುತ್ತಿದ್ದಾಳೆ. "ಗಾಯವೇ ಆಗದೆ ಎಂತಕ್ಕೆ ಚುಚ್ಚುದು?" ಎಂಬುದು ಬಾವನ ವಾದ.

ಕೊರೋನಾ ಬಂದಾಗ ಮಾತ್ರ ಊರಿಡೀ ತೋಳು ಮಡಚಿ ನಿಂತಿತು. ಶಾಲೆಯ ಜಗಲಿಯಲ್ಲಿ ಕ್ಯೂ. ನಾನು ಆಗ ತೋಳು ಬಿಗಿಯಾಗಿ ಹೊಲಿಯುತ್ತಿದ್ದ ಕಾಲ. ಹೆಂಗಸರ ರವಿಕೆ ಮೇಲೆ ಸರಿಯುದೇ ಇಲ್ಲ. ನರ್ಸಮ್ಮ ಬೆವರು ಒರೆಸಿಕೊಂಡು, "ಇದನ್ನೆಲ್ಲ ಹೊಲಿದದ್ದು ಯಾರು ಮಾರಾಯ್ರೆ?" ಎಂದು ಕೇಳಿದರು. ನಾನು ಆರನೆಯವಳಾಗಿ ನಿಂತಿದ್ದೆ, ಮಾಡಿನ ಹಂಚು ಎಣಿಸಿದೆ. ಅವತ್ತು ನಾನು ಚುಚ್ಚಿಸಿಕೊಂಡದ್ದು ಧೈರ್ಯದಿಂದ ಅಲ್ಲ, ಹಿಂದೆ ಇಪ್ಪತ್ತು ಮಂದಿ ಗಿರಾಕಿಗಳು ನಿಂತಿದ್ದರು ಎಂಬ ನಾಚಿಕೆಯಿಂದ. ಆಮೇಲೆ ಇನ್ನೊಂದು ಬೂಸ್ಟರ್ ಉಂಟು ಎಂದು ಸಾರಿದಾಗ ಕ್ಯೂ ಇರಲಿಲ್ಲ. ನೋಡುವವರು ಯಾರೂ ಇಲ್ಲ, ಹಾಗಾಗಿ ನಾನೂ ಇರಲಿಲ್ಲ.

ಇಷ್ಟು ಪೀಠಿಕೆ ಸಾಕು. ಇನ್ನು ನನ್ನ ಮರ್ಯಾದೆ ಹೋದ ಕಥೆ ಹೇಳುತ್ತೇನೆ.

ನನಗೆ ಒಬ್ಬಳೇ ಮಗಳು, ಚೈತ್ರ. ಕಡಬಕ್ಕೆ ಮದುವೆ ಮಾಡಿಕೊಟ್ಟದ್ದು, ಅಳಿಯ ಅಲ್ಲೇ ಕಾಲೇಜಿನಲ್ಲಿ ಲೆಕ್ಕದ ಮೇಷ್ಟ್ರು. ಮದುವೆಯಾಗಿ ಏಳು ವರ್ಷ, ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಮೂರನೆಯದ್ದಕ್ಕೆ ಏಳು ತಿಂಗಳು ತುಂಬಿದಾಗ ನಾವೆಲ್ಲ ಜೋರಾಗಿ ಉಸಿರು ಬಿಡಲೂ ಹೆದರುತ್ತಿದ್ದೆವು. ಆಗ ಒಂದು ದಿನ ಅವಳ ಫೋನು ಬಂತು. ನಮ್ಮದು ಮನೆಯಲ್ಲಿ ಅರೆಭಾಷೆ, ಇಲ್ಲಿ ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ.

"ಅವ್ವಾ, ಪುತ್ತೂರಿನ ಡಾಕ್ಟ್ರು ಹೇಳಿದ್ದಾರೆ. ಮಗುವನ್ನು ಎತ್ತುವವರೆಲ್ಲ ಒಂದು ಇಂಜೆಕ್ಷನ್ ತಕೊಳ್ಳಬೇಕಂತೆ. ನಾನು ತಕೊಂಡಾಯ್ತು. ಇನ್ನು ನೀನು, ಅಪ್ಪ."

"ಎಂತದ್ದಕ್ಕೆ?"

"ನಾಯಿಕೆಮ್ಮಿಗೆ. ಧನುರ್ವಾಯು, ಗಂಟಲಮಾರಿ ಎಲ್ಲ ಸೇರಿ ಒಂದೇ ಚುಚ್ಚು."

"ಈ ಪ್ರಾಯದಲ್ಲಿ ನಮಗೆಂತ ನಾಯಿಕೆಮ್ಮು?"

"ನಿಮಗೆ ಬಂದರೆ ಬರೀ ಕೆಮ್ಮು ಅವ್ವ. ನಿಮ್ಮಿಂದ ಮಗುವಿಗೆ ದಾಟಿದರೆ ಅದಕ್ಕೆ ಉಸಿರೇ ಕಟ್ತದೆ. ಮಗುವಿನ ಲಸಿಕೆ ಶುರುವಾಗುದು ಆರು ವಾರ ಆದ ಮೇಲೆ. ಅಲ್ಲಿಯವರೆಗೆ ನಮ್ಮಿಂದ ದಾಟದ ಹಾಗೆ ನೋಡಿಕೊಳ್ಳುದು ಒಂದೇ ದಾರಿ. ಬಾಣಂತನ ನಮ್ಮ ಮನೆಯಲ್ಲೇ ಅಲ್ವಾ? ಮೀಯಿಸುದು ನೀನೇ ಅಲ್ವಾ?"

ಮೀಯಿಸುದು ನಾನೇ. ಏಳು ವರ್ಷದಿಂದ ಆ ಸಣ್ಣ ಮೈಯನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕುವುದನ್ನೇ ಕಾದವಳು ನಾನು. "ಆಯ್ತು ಮಗಾ" ಎಂದೆ.

ಗಂಡನ ಹತ್ತಿರ ಹೇಳಿದೆ. ಅವರು ಗುಜ್ಜೆಯ, ಎಂದರೆ ಎಳೆ ಹಲಸಿನಕಾಯಿಯ, ಪಲ್ಯ ಹಾಕಿಕೊಂಡು ಗಂಜಿ ಉಣ್ಣುತ್ತಿದ್ದರು. ತಲೆ ಎತ್ತದೆ, "ಹಲಸು ಮುಗಿಯಲಿ" ಎಂದರು.

ಘಟ್ಟದ ಮೇಲಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಮ್ಮಲ್ಲಿ ನಂಜು ಎಂಬುದೊಂದು ಉಂಟು. ಮೈಗೆ ಗಾಯವಾದರೆ, ಸೂಜಿ ಬಿದ್ದರೆ, ಕೆಲವು ಪದಾರ್ಥ ತಿನ್ನಬಾರದು, ತಿಂದರೆ ಗಾಯ ಕೀವು ಕಟ್ಟುತ್ತದೆ ಎಂಬ ನಂಬಿಕೆ. ಯಾವುದೆಲ್ಲ ನಂಜು ಎಂದು ಕೇಳಿದರೆ, ನಮಗೆ ಯಾವುದೆಲ್ಲ ಇಷ್ಟವೋ ಅದೆಲ್ಲ. ಹಲಸು ನಂಜು, ಬದನೆ ನಂಜು, ಕೋಳಿ ನಂಜು, ಸಿಗಡಿ ನಂಜು, ಏಡಿ ನಂಜು, ಒಣಮೀನು ಮಹಾ ನಂಜು. ಉಳಿಯುವುದು ಗಂಜಿ ಮತ್ತು ಹೆಸರುಬೇಳೆ. "ಎಂತದೂ ತಿನ್ನಬಹುದು, ನಂಜು ಗಿಂಜು ಇಲ್ಲ" ಎಂದು ಡಾಕ್ಟರುಗಳು ಹೇಳುತ್ತಲೇ ಇರುತ್ತಾರೆ. ನಾವು ಅವರೆದುರು ತಲೆಯಾಡಿಸಿ ಹೊರಗೆ ಬಂದು, "ಅವರು ಬಯಲುಸೀಮೆಯವರು, ಅವರಿಗೆಂತ ಗೊತ್ತು" ಎನ್ನುತ್ತೇವೆ.

ಅಂದರೆ ಒಂದು ಇಂಜೆಕ್ಷನ್ ತಕೊಳ್ಳಬೇಕಾದರೆ ಎರಡು ವಾರ ನಂಜಿಲ್ಲದ ಕಾಲ ಬೇಕು. ಅಂಥ ಎರಡು ವಾರ ನಮ್ಮ ಕ್ಯಾಲೆಂಡರಿನಲ್ಲಿ ಒಟ್ಟಿಗೆ ಎಲ್ಲಿಯೂ ಸಿಗುದಿಲ್ಲ. ಗುಜ್ಜೆ ಮುಗಿಯುವಾಗ ಹಣ್ಣು ಶುರು. ಹಣ್ಣಿನ ನಡುವೆ ಮದುವೆಗಳು, ಬೀಗರ ಊಟಗಳು. ದೈವಕ್ಕೆ ಅಗೆಲು, ಎಂದರೆ ಎಡೆ, ಬಡಿಸುವ ದಿನ ಕೋಳಿಸಾರು, ರೊಟ್ಟಿ. ಅದನ್ನು ಬೇಡ ಎಂದರೆ ದೈವಕ್ಕೆ ಸಿಟ್ಟು ಬರುತ್ತದೆ. ಮಳೆ ಹಿಡಿದರೆ ಹಸಿಮೀನು ಇಲ್ಲ, ಒಣಮೀನೇ ಗತಿ. ನನ್ನ ಗಂಡ ಬೆರಳು ಮಡಚಿ ಮಡಚಿ ಲೆಕ್ಕ ಹಾಕಿ, "ಸೆಪ್ಟೆಂಬರಿನಲ್ಲಿ ಒಂದು ವಾರ ಖಾಲಿ ಉಂಟು" ಎಂದರು. ಮಗಳಿಗೆ ದಿನ ತುಂಬುವುದು ಜೂನಿನಲ್ಲಿ.

"ನಿಮಗೆ ಮೊಮ್ಮಗು ಬೇಕಾ, ಹಲಸು ಬೇಕಾ?" ಎಂದು ಕೇಳಿದೆ.

"ಎರಡೂ ಬೇಕು" ಎಂದರು ಪುಣ್ಯಾತ್ಮ.

ಒಂದು ವಾರ ನಾನು ಅವರ ಎದುರು ತಟ್ಟೆ ಕುಕ್ಕಿದ ಮೇಲೆ ಹೊರಟರು. ಇಬ್ಬರೂ ಪುತ್ತೂರಿಗೆ ಹೋಗುದೆಂದು ಐವರ್ನಾಡಿನಲ್ಲಿ ಬಸ್ಸು ಹತ್ತಿದೆವು. ಬೆಳ್ಳಾರೆ ಬಂದದ್ದೇ ತಡ, ಇವರು ಎದ್ದು ನಿಂತು, "ನೀನು ಹೋಗು, ನನಗೆ ಸೊಸೈಟಿಯಲ್ಲಿ ಮೀಟಿಂಗ್ ಉಂಟು, ಮರೆತೇ ಹೋಗಿತ್ತು" ಎಂದು ಇಳಿದೇಬಿಟ್ಟರು. ಕಿಟಕಿಯಿಂದ ನೋಡಿದೆ. ಸೊಸೈಟಿಯ ದಿಕ್ಕಿಗೆ ತಿರುಗಲೇ ಇಲ್ಲ, ಸುಳ್ಯದ ಬಸ್ಸು ನಿಲ್ಲುವ ಕಡೆ ಹೋಗುತ್ತಿದ್ದರು. ಆ ಬಸ್ಸು ಹೋಗುದು ಐವರ್ನಾಡಿನ ಮೇಲೆಯೇ; ಮನೆಗೆ ವಾಪಸು ಹೋಗಿ ಹಣ್ಣು ಕೊಯ್ಯಲಿಕ್ಕೆ ಎಂದುಕೊಂಡೆ. ಪಕ್ಕದ ಸೀಟಿನ ಹೆಂಗಸಿನ ಹತ್ತಿರ ಪುತ್ತೂರಿನವರೆಗೆ ಗಂಡಸರ ಧೈರ್ಯದ ಬಗ್ಗೆ ಮಾತಾಡಿದೆ.

ಪುತ್ತೂರಿನ ಆ ಕ್ಲಿನಿಕ್ಕಿನಲ್ಲಿ ನನಗೆ ಏಳನೆಯ ಟೋಕನ್. ಕೂತೆ. ಎದುರಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ನರ್ಸು ಸಿರಿಂಜಿನ ಕವರು ಹರಿದು, ಔಷಧಿ ಎಳೆದು, ಸೂಜಿಯನ್ನು ಮೇಲೆ ಮಾಡಿ ಬೆರಳಿನಿಂದ ಎರಡು ಸಲ ತಟ್ಟಿದಳು. ಅಷ್ಟು ಸಾಕಾಯಿತು. "ಐದು ನಿಮಿಷದಲ್ಲಿ ಬರ್ತೇನೆ" ಎಂದು ಟೋಕನ್ ಅಲ್ಲೇ ಇಟ್ಟು ಎದ್ದೆ. ಮೇಲಿನ ರಸ್ತೆಯಲ್ಲಿ ನನಗೆ ಗುರುತಿನ ಲೇಸಿನ ಅಂಗಡಿ ಉಂಟು. ಅಲ್ಲಿ ಒಂದೂವರೆ ಗಂಟೆ ಲೇಸು ನೋಡಿದೆ. ಬೇಕಾದದ್ದು ಎರಡು ಮೀಟರ್ ಲೈನಿಂಗ್ ಮಾತ್ರ.

ನೀವು ನಗಬಹುದು. ಮೆಷಿನಿನ ಸೂಜಿ ನನ್ನ ತೋರುಬೆರಳಿನ ಉಗುರನ್ನೇ ತೂತು ಮಾಡಿ ಆಚೆ ಹೋದದ್ದು ಮೂರು ಸಲ. ಮೂರು ಸಲವೂ ಚಕ್ರ ಹಿಂದೆ ತಿರುಗಿಸಿ, ಬೆರಳು ಬಿಡಿಸಿಕೊಂಡು, ಚಿಂದಿ ಸುತ್ತಿ, ಆ ಹೊಲಿಗೆ ಮುಗಿಸಿಯೇ ಎದ್ದವಳು ನಾನು. ನೋವಿಗೆ ನನಗೆ ಹೆದರಿಕೆ ಇಲ್ಲ. ಇನ್ನೊಬ್ಬರು ಸೂಜಿ ಹಿಡಿದು ಹತ್ತಿರ ಬರುದನ್ನು ನೋಡಿಕೊಂಡು ಸುಮ್ಮನೆ ಕೂರುದು ನನ್ನಿಂದ ಆಗುದಿಲ್ಲ.

ಇದು ಇವತ್ತಿನ ರೋಗ ಅಲ್ಲ. ಮೂರನೆಯ ಕ್ಲಾಸಿನಲ್ಲಿರುವಾಗ ಶಾಲೆಗೆ ನರ್ಸಮ್ಮ ಬಂದಿದ್ದರು. ಸೀಮೆಎಣ್ಣೆಯ ಸ್ಟವ್ವು ಹೊತ್ತಿಸಿ, ಸ್ಟೀಲಿನ ಪೆಟ್ಟಿಗೆಯಲ್ಲಿ ಸೂಜಿ ಕುದಿಸಲಿಕ್ಕೆ ಇಟ್ಟರು. ನೀರು ಬುಳುಬುಳು ಎನ್ನುವಾಗ ಇಬ್ಬರು ಹುಡುಗರು ಕಿಟಕಿ ಹಾರಿದರು, ಒಬ್ಬ ಪಾಯಿಖಾನೆಗೆ ಹೋದವನು ಮರುದಿನ ಬಂದ. ನನ್ನ ಅಕ್ಷರ ಚಂದ ಎಂದು ಮೇಷ್ಟ್ರು ನನ್ನ ಕೈಗೆ ಹಾಜರಿ ಪಟ್ಟಿ ಕೊಟ್ಟು, ಚುಚ್ಚಿಸಿಕೊಂಡವರ ಹೆಸರಿಗೆ ಗುರುತು ಹಾಕಲು ಹೇಳಿದರು. ನಾನು ನರ್ಸಮ್ಮನ ಪಕ್ಕದಲ್ಲೇ ನಿಂತು ಒಬ್ಬೊಬ್ಬರಿಗೂ "ಹೆದರಬೇಡ, ಇರುವೆ ಕಚ್ಚಿದ ಹಾಗೆ ಅಷ್ಟೇ" ಎಂದು ಧೈರ್ಯ ಹೇಳಿ ಗುರುತು ಹಾಕಿದೆ. 'ದ'ಕಾರ ಬಂದಾಗ ನನ್ನ ಹೆಸರಿಗೂ ಹಾಕಿದೆ. ಮೇಷ್ಟ್ರು ನನ್ನ ಬೆನ್ನು ತಟ್ಟಿದರು. ಅದು ಯಾವ ರೋಗದ ಲಸಿಕೆ ಎಂದು ಇವತ್ತಿಗೂ ಗೊತ್ತಿಲ್ಲ. ನನ್ನ ಮೈಯಲ್ಲಿ ಅದು ಇಲ್ಲ ಎಂಬುದು ಮಾತ್ರ ಗೊತ್ತು.

ಆ ಸಂಜೆ ಮಗಳು ಫೋನು ಮಾಡಿ, "ಆಯ್ತಾ ಅವ್ವಾ?" ಎಂದಳು.

"ಆಯ್ತು ಮಗಾ" ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಕೈ ಸ್ವಲ್ಪ ಜೋಮು ಹಿಡಿದ ಹಾಗೆ ಉಂಟು" ಎಂದೆ. "ನಿನ್ನ ಅಪ್ಪ ಮಾತ್ರ ಬೆಳ್ಳಾರೆಯಲ್ಲಿ ತಪ್ಪಿಸಿಕೊಂಡರು ನೋಡು" ಎಂದೂ ಸೇರಿಸಿದೆ. ಮರುದಿನ ತೋಳು ಎತ್ತಲು ಆಗುದಿಲ್ಲ ಎಂದು ಗಂಡನ ಕೈಯಿಂದಲೇ ತೆಂಗಿನಕಾಯಿ ತುರಿಸಿದೆ. ಸುಳ್ಳು ಹೇಳುವುದಾದರೆ ಅಚ್ಚುಕಟ್ಟಾಗಿ ಹೇಳಬೇಕು ಎಂಬುದು ನನ್ನ ಕಸುಬಿನಿಂದ ಬಂದ ಬುದ್ಧಿ.

ಆದರೆ ಚುಚ್ಚಿಸಿಕೊಂಡವಳು ಹಲಸು ತಿನ್ನುವ ಹಾಗಿಲ್ಲವಲ್ಲ. ಮನೆಯ ಹಿಂದಿನ ಮರದಲ್ಲಿ ಹಣ್ಣು ಆಗಷ್ಟೇ ಘಮಗುಟ್ಟಲು ಶುರುವಾಗಿತ್ತು. ನಾನು ಎಲ್ಲರೆದುರು "ಅಯ್ಯೋ ಬೇಡ, ನಂಜು" ಎಂದು ಕೈಯಾಡಿಸುದು, ಆಮೇಲೆ ಕಟ್ಟಿಗೆ ಕೊಟ್ಟಿಗೆಯ ಹಿಂದೆ ನಿಂತು ತೊಳೆ ನುಂಗುದು. ಅಂಟು ಹೋಗಲು ಕೈಗೆ ತೆಂಗಿನೆಣ್ಣೆ ತಿಕ್ಕುವಾಗ ಟೈಗರ ಮಾತ್ರ ನೋಡುತ್ತಿದ್ದ. ವಿಚಿತ್ರವೆಂದರೆ ಇವರೂ ಹಲಸು ಮುಟ್ಟಲಿಲ್ಲ. ಕೇಳಿದರೆ, "ಹೊಟ್ಟೆಯಲ್ಲಿ ಗ್ಯಾಸು." ಹದಿನೈದು ದಿನ ಗ್ಯಾಸು. ಹಲಸಿಗಾಗಿ ಮೊಮ್ಮಗುವನ್ನೇ ಬಿಟ್ಟ ಮನುಷ್ಯನಿಗೆ ದೇವರು ಸರಿಯಾಗಿಯೇ ಮಾಡಿದ ಎಂದು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸಿದೆ. ಒಂದೇ ವಾರದಲ್ಲಿ ಬೆಳ್ಳಾರೆಗೆಲ್ಲ ಗೊತ್ತಾಯಿತು: ದಮಯಂತಕ್ಕ ಚುಚ್ಚಿಸಿಕೊಂಡರು, ಪುರುಷೋತ್ತಮಣ್ಣ ಓಡಿದರು.

ಹೊಗಳಿಕೆ ಸಿಕ್ಕಿದ ಮೇಲೆ ನನ್ನ ನಾಲಿಗೆ ಇನ್ನೂ ಉದ್ದವಾಯಿತು. ಅಳತೆ ತಕೊಳ್ಳುತ್ತಾ ಗಿರಾಕಿಗಳಿಗೆ ಉಪದೇಶ ಶುರುಮಾಡಿದೆ. ವರ್ಷಕ್ಕೊಮ್ಮೆ ಫ್ಲೂವಿನದ್ದು, ಅರುವತ್ತು ದಾಟಿದವರಿಗೆ ನ್ಯುಮೋನಿಯಾದ್ದು, ಸರ್ಪಸುತ್ತಿಗೂ ಈಗ ಲಸಿಕೆ ಉಂಟು, ಮಂತ್ರಿಸಲು ಹೋಗುವ ಮೊದಲು ಡಾಕ್ಟರ ಹತ್ತಿರ ಕೇಳಿ, ಸಕ್ಕರೆ ಕಾಯಿಲೆಯವರು ನಿರ್ಲಕ್ಷ್ಯ ಮಾಡಬೇಡಿ. ಮಗಳು ಫೋನಿನಲ್ಲಿ ಹೇಳಿದ್ದನ್ನೇ ನಾನು ಕತ್ತರಿ ಆಡಿಸುತ್ತಾ ನನ್ನದೇ ಜ್ಞಾನದ ಹಾಗೆ ಹೇಳುತ್ತಿದ್ದೆ. ಇಬ್ಬರು ಹೆಂಗಸರು ನನ್ನ ಮಾತು ಕೇಳಿ ನಿಜವಾಗಿ ಹೋಗಿ ಫ್ಲೂವಿನದ್ದು ಹಾಕಿಸಿಕೊಂಡು ಬಂದು, "ನಿಮ್ಮಿಂದ ಧೈರ್ಯ ಬಂತು ದಮಯಂತಕ್ಕ" ಎಂದರು. ಆ ದಿನ ನನಗೆ ಒಂದು ತೋಳು ಉಲ್ಟಾ ಹೊಲಿದುಹೋಯಿತು.

ಜೂನಿನಲ್ಲಿ ಹೆಣ್ಣುಮಗು ಹುಟ್ಟಿತು. ಸಣ್ಣದು, ಆದರೆ ಗಟ್ಟಿ. ಮಗಳನ್ನು, ಮಗುವನ್ನು ಐವರ್ನಾಡಿಗೆ ಕರೆತಂದೆವು. ದಿನಾ ಬೆಳಿಗ್ಗೆ ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ಚಾಚಿ, ಮಗುವನ್ನು ಮಲಗಿಸಿಕೊಂಡು ಮೀಯಿಸುದು ನಾನು. ಆ ಅರ್ಧ ಗಂಟೆಯಲ್ಲಿ ನನಗೆ ಯಾವ ಸುಳ್ಳೂ ನೆನಪಿರುತ್ತಿರಲಿಲ್ಲ. ಮನೆಗೆ ಬಂದವರನ್ನೆಲ್ಲ ಮಗಳು ಬಾಗಿಲಲ್ಲೇ ನಿಲ್ಲಿಸಿ, "ಕೈ ತೊಳೆದದ್ದಾ? ಕೆಮ್ಮು ಉಂಟಾ?" ಎಂದು ಕೇಳುತ್ತಿದ್ದಳು. ತನ್ನ ಅಪ್ಪನಿಗೆ ಮಾತ್ರ ಎಂತದೂ ಕೇಳದೆ ಮಗುವನ್ನು ಕೊಡುತ್ತಿದ್ದಳು.

"ನಿನ್ನ ಕಾನೂನೆಲ್ಲ ಊರಿಗೆ. ಅಪ್ಪನಿಗೆ ಇಲ್ಲ" ಎಂದು ಒಮ್ಮೆ ಚುಚ್ಚಿದೆ.

ಅವಳು ನಕ್ಕಳು. ಚಿಕ್ಕಂದಿನಿಂದಲೂ ಅವಳು ಅಪ್ಪನ ಪಕ್ಷವೇ. ಮತ್ತೂ ಒತ್ತಿ ಕೇಳಲು ನನಗೆ ಬಾಯಿ ಎಲ್ಲಿತ್ತು?

ಮಗುವಿಗೆ ನಾಲ್ಕು ವಾರ ಆಗುವಾಗ ನನಗೆ ಕೆಮ್ಮು ಹಿಡಿಯಿತು. ಲೈನಿಂಗ್ ಬಟ್ಟೆಯ ಧೂಳು ಎಂದೆ. ಒಂದು ವಾರವಾದರೂ ಹೋಗಲಿಲ್ಲ. ಕಾಳುಮೆಣಸಿನ ಕಷಾಯ ಕುಡಿದೆ, ಮೀಯಿಸುವಾಗ ಬಾಯಿಗೆ ಸೆರಗು ಕಟ್ಟಿದೆ. ಮೀಯಿಸುದು ಬಿಡಲಿಲ್ಲ. ಬಿಟ್ಟರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಒಂದು ಮಧ್ಯಾಹ್ನ ತೊಟ್ಟಿಲಿನಿಂದ ಸಣ್ಣದೊಂದು ಕೆಮ್ಮು ಕೇಳಿತು. ಮತ್ತೊಂದು. ಮತ್ತೆ ನಾಲ್ಕೈದು ಒಟ್ಟಿಗೆ. ಮಗುವಿನ ಮುಖ ಕೆಂಪಾಗಿ, ಹಾಲು ಕಕ್ಕಿತು. ಆ ಹೊತ್ತಿನಲ್ಲಿ ಅದು ಏನೆಂದು ಗೊತ್ತಿದ್ದವಳು ಮನೆಯಲ್ಲಿ ನಾನೊಬ್ಬಳೇ ಎಂದು ನನಗೆ ಅನಿಸಿತು.

ಜೀಪಿನಲ್ಲಿ ಪುತ್ತೂರಿಗೆ ಹೋದೆವು. ಬೆಳ್ಳಾರೆ ದಾಟುವವರೆಗೆ ಹೇಳಬೇಕೆಂದುಕೊಂಡೆ. ದಾಟಿದ ಮೇಲೆ, ಆಸ್ಪತ್ರೆ ಬರಲಿ ಎಂದುಕೊಂಡೆ.

ಮಕ್ಕಳ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಬೆರಳಿಗೆ ಎಂತದೋ ಸಿಕ್ಕಿಸಿ ನೋಡಿ ಕೇಳಿದರು, "ಮನೆಯಲ್ಲಿ ಯಾರಿಗಾದರೂ ಕೆಮ್ಮು ಉಂಟಾ?"

"ಅವ್ವನಿಗೆ ಒಂದು ವಾರದಿಂದ ಉಂಟು ಸರ್" ಎಂದಳು ಚೈತ್ರ. "ಆದರೆ ಅದು ನಾಯಿಕೆಮ್ಮು ಇರಲಿಕ್ಕಿಲ್ಲ. ಎಲ್ಲರೂ ಇಂಜೆಕ್ಷನ್ ತಕೊಂಡಿದ್ದೇವೆ. ನಾನು ಬಸಿರಿನಲ್ಲಿ ತಕೊಂಡದ್ದು. ಅವ್ವ ಪುತ್ತೂರಿನಲ್ಲಿ, ಅಪ್ಪ ಸುಳ್ಯದಲ್ಲಿ, ಇಬ್ಬರೂ ಒಂದೇ ದಿನ."

ನಾನು ಗಂಡನ ಮುಖ ನೋಡಿದೆ. ಅವರು ಅಂಗಿಯ ಕಿಸೆಯಿಂದ ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗಿಂದ ಮಡಚಿದ ಚೀಟಿ ತೆಗೆದು ಡಾಕ್ಟರ ಮೇಜಿನ ಮೇಲೆ ಬಿಡಿಸಿ ಇಟ್ಟರು. ಸುಳ್ಯದ ಕ್ಲಿನಿಕ್ಕಿನ ಸೀಲು ಇತ್ತು. ಅದೇ ದಿನದ ತಾರೀಕು.

"ನನಗೆ ಹೇಳಲಿಲ್ಲ ಯಾಕೆ?" ಎಂದೆ ಮೆಲ್ಲಗೆ.

"ಸೂಜಿ ಕಂಡರೆ ನನಗೆ ತಲೆ ತಿರುಗ್ತದೆ, ಅದಕ್ಕೇ ನಿನ್ನನ್ನು ಬಿಟ್ಟು ಸುಳ್ಯಕ್ಕೆ ಹೋದದ್ದು. ಚುಚ್ಚಿದ ಮೇಲೆ ಕಣ್ಣು ಕತ್ತಲೆ ಬಂದು ಬೆಂಚಿನಲ್ಲಿ ಮಲಗಿಸಿದ್ದರು. ನಿನಗೆ ಹೇಳಿದರೆ ಬೆಳ್ಳಾರೆಗೆಲ್ಲ ಹೇಳ್ತಿ. ಮಗಳಿಗೆ ಮಾತ್ರ ಹೇಳಿದ್ದು" ಎಂದರು.

ಹದಿನೈದು ದಿನದ ಗ್ಯಾಸು ನನಗೆ ಆಗ ಅರ್ಥವಾಯಿತು. ಊರಿಡೀ ನನ್ನಿಂದ ಹೇಡಿ ಅನ್ನಿಸಿಕೊಂಡು, ನಂಜೆಂದು ಹಲಸು ಬಿಟ್ಟು, ಅವರು ತುಟಿ ಬಿಚ್ಚಿರಲಿಲ್ಲ.

"ಹಾಗಾದರೆ ಒಳ್ಳೆದಾಯ್ತು" ಎಂದು ಡಾಕ್ಟರು ಪೆನ್ನು ಎತ್ತಿಕೊಂಡರು. "ಸಾಧಾರಣ ಶೀತವೇ ಇರಬಹುದು. ಔಷಧಿ ಬರೆದುಕೊಡ್ತೇನೆ, ಮನೆಗೆ ಹೋಗಿ..."

ಅವರು ಬರೆಯಲು ಶುರುಮಾಡಿದರು. ಆ ಚೀಟಿ ನನ್ನ ಸುಳ್ಳಿನ ಲೆಕ್ಕದಲ್ಲಿ ತಯಾರಾಗುತ್ತಿತ್ತು. ಅದು ತಪ್ಪಾದರೆ ರವಿಕೆಯ ತೋಳಿನ ಹಾಗೆ ಬಿಚ್ಚಿ ಮತ್ತೆ ಹೊಲಿಯುವ ಹಾಗಿಲ್ಲ.

"ಸರ್, ನಾನು ತಕೊಳ್ಳಲಿಲ್ಲ" ಎಂದೆ.

ಪೆನ್ನು ನಿಂತಿತು. "ತಕೊಂಡದ್ದಾಗಿ ಹೇಳಿದ್ದೆ. ತಕೊಳ್ಳಲಿಲ್ಲ. ಹೆದರಿಕೆಯಾಯ್ತು." ಇಷ್ಟು ಹೇಳುವುದಕ್ಕೆ ಎರಡು ಸಲ ಕೆಮ್ಮಿದೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬರೆದ ಚೀಟಿ ಹರಿದು, ಬೇರೆ ಹಾಳೆ ತೆಗೆದು, "ಮಗು ಇಲ್ಲೇ ಇರಲಿ. ಪರೀಕ್ಷೆ ಮಾಡುವ, ಮಗುವಿನದ್ದೂ, ನಿಮ್ಮದೂ" ಎಂದರು.

ಮಗು ನನ್ನ ಮಡಿಲಲ್ಲಿ ಇತ್ತು. ಚೈತ್ರ ಎದ್ದು ಬಂದಳು. ನನ್ನ ಮಡಿಲಿನಿಂದ ಮಗುವನ್ನು ಎತ್ತಿಕೊಂಡು ಹೋಗಿ ಅಪ್ಪನ ಪಕ್ಕದಲ್ಲಿ ಕೂತಳು. ಏಳು ವರ್ಷದಲ್ಲಿ ಎರಡು ಸಲ ಅವಳು ಅತ್ತದ್ದನ್ನು ನಾನು ನೋಡಿದ್ದೇನೆ. ಆ ದಿನದ ಅವಳ ಮುಖ ಅದಕ್ಕಿಂತ ಕಷ್ಟವಾಯಿತು.

ಮೂರನೆಯ ದಿನ ವರದಿ ಬಂತು. ಮಗುವಿಗೂ ನನಗೂ ನಾಯಿಕೆಮ್ಮು ಇರಲಿಲ್ಲ, ಬರೀ ಶೀತ. ಎಲ್ಲರೂ ದೇವರಿಗೆ ಕೈಮುಗಿದರು. ನಾನೂ ಮುಗಿದೆ. ಆದರೆ ಅದರಲ್ಲಿ ನನ್ನ ಸಾಮರ್ಥ್ಯ ಎಂತದೂ ಇರಲಿಲ್ಲ, ಅದು ಬರೀ ಅದೃಷ್ಟ ಎಂಬುದು ನನಗೆ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಅದೇ ಆಸ್ಪತ್ರೆಯಲ್ಲಿ, ಅವತ್ತೇ, ನಾನು ತೋಳು ಕೊಟ್ಟು ಕೂತೆ. ಕಣ್ಣು ಮುಚ್ಚಲಿಲ್ಲ. ನೋವಾಯಿತಾ ಎಂದು ಯಾರೂ ಕೇಳಲಿಲ್ಲ.

ಚುಚ್ಚಿದ್ದು ಕೆಲಸ ಮಾಡಲು ಎರಡು ವಾರ ಬೇಕೆಂದು ಡಾಕ್ಟರು ಹೇಳಿದರು. ಮನೆಗೆ ಬಂದ ಮರುದಿನವೇ ಮಗಳು ವ್ಯವಸ್ಥೆ ಬದಲಾಯಿಸಿದಳು. ಮಗುವನ್ನು ಮೀಯಿಸುದು ಇನ್ನು ಅಪ್ಪ. ಸ್ವಂತ ಮಗಳನ್ನು ಒಮ್ಮೆಯೂ ಮೀಯಿಸದ ಮನುಷ್ಯ ಪಂಚೆ ಎತ್ತಿಕಟ್ಟಿ ಮಣೆಯ ಮೇಲೆ ಕಾಲು ಚಾಚಿ ಕೂತರು. ನಾನು ನೀರು ಕಾಯಿಸಿ, ಹದ ಮಾಡಿ, ಬಚ್ಚಲಿನ ಹೊರಗೆ ನಿಂತು, "ಕುತ್ತಿಗೆ ಹಿಡಿಯಿರಿ, ಕಿವಿಗೆ ನೀರು ಹೋಗದ ಹಾಗೆ, ಎಣ್ಣೆ ಅಷ್ಟು ಬೇಡ" ಎಂದು ಗೋಡೆಗೆ ಹೇಳುತ್ತಿದ್ದೆ. ನನ್ನ ಕಾಲ ಮೇಲೆ ಕಿರುಚಿ ರಂಪ ಮಾಡುತ್ತಿದ್ದ ಮಗು ಅವರ ಕಾಲ ಮೇಲೆ ಸುಮ್ಮನೆ ಮೀಯುತ್ತಿತ್ತು. ಅಡಿಕೆ ಸುಲಿದು ದೊರಗಾದ ಕೈ ಅದಕ್ಕೆ ಹಿತವಾಗಿರಬೇಕು. ನನಗೆ ಹೊಟ್ಟೆಕಿಚ್ಚು ಬಂದದ್ದು ನಿಜ.

ಮಗಳು ಮಾತು ಬಿಟ್ಟಿರಲಿಲ್ಲ. ಊಟ ಆಯ್ತಾ, ಕಷಾಯ ಕುಡಿದೆಯಾ ಎಂದೆಲ್ಲ ಕೇಳುತ್ತಿದ್ದಳು. ಆದರೆ ನಾನು ಎಂತದನ್ನಾದರೂ ಹೇಳಿದರೆ, "ಹೌದಾ?" ಎಂದು ಒಂದು ಕ್ಷಣ ನನ್ನ ಮುಖ ನೋಡುತ್ತಿದ್ದಳು. ಮೊದಲು ಹಾಗೆ ನೋಡುತ್ತಿರಲಿಲ್ಲ. ಒಲೆಯ ಮೇಲೆ ಹಾಲು ಇಟ್ಟಿದ್ದೇನೆ ಎಂದರೂ ಹಾಗೆ ನೋಡುತ್ತಿದ್ದಳು.

ಹದಿನೈದನೆಯ ದಿನ ಬೆಳಿಗ್ಗೆ ನಾನು ಯಾರನ್ನೂ ಕೇಳದೆ ನೀರು ಹದ ಮಾಡಿ, ಎಣ್ಣೆಯ ಗಿಂಡಿ ಪಕ್ಕದಲ್ಲಿಟ್ಟು, ಮಣೆಯ ಮೇಲೆ ಕೂತೆ. ಇವರು ಬಾಗಿಲಿನವರೆಗೆ ಬಂದು, ನನ್ನನ್ನು ನೋಡಿ, ಎತ್ತಿಕಟ್ಟಿದ ಪಂಚೆ ಇಳಿಸಿಕೊಂಡು ವಾಪಸು ಹೋದರು. ಚೈತ್ರ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದಳು. ನಾನು ಎರಡೂ ಕೈ ಚಾಚಿದೆ. ಅವಳು ಹೊಸ್ತಿಲಲ್ಲೇ ನಿಂತಳು.

"ಇವತ್ತಿಗೆ ಹದಿನೈದಾಯ್ತು ಮಗಾ" ಎಂದೆ.

"ಚೀಟಿ ತೋರಿಸು ಅವ್ವ" ಎಂದಳು ಅವಳು.

ನಾನು ಎದ್ದು, ಒದ್ದೆ ಕಾಲಲ್ಲೇ ಒಳಗೆ ಹೋಗಿ ತಂದೆ. ಅವಳು ಒಂದು ಕೈಯಲ್ಲಿ ಮಗುವನ್ನು ಹಿಡಿದು, ಇನ್ನೊಂದರಲ್ಲಿ ಚೀಟಿ ಬೆಳಕಿಗೆ ಹಿಡಿದು, ತಾರೀಕನ್ನು ಎರಡು ಸಲ ಓದಿದಳು. ಆಮೇಲೆ ಮಗುವನ್ನು ಕೊಟ್ಟಳು.